ಪರಿಹಾರದ ದುಡ್ಡಿಗೆ ತೆರಿಗೆ ಇದೆಯಾ? ಅಂಗವಿಕಲ ವೇತನ ನಿಂತುಹೋಗುತ್ತಾ?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿದ್ದೇವೆ. 2025ರ ಫೆಬ್ರುವರಿಯಲ್ಲಿ ನಮ್ಮ ಯಜಮಾನರು ಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದರು. ಬಲಗಾಲಿನ ಮೂಳೆ ಎರಡು ಕಡೆ ಮುರಿದು ರಾಡ್ ಹಾಕಿದ್ದಾರೆ. ಈಗ ನಿಧಾನಕ್ಕೆ ನಡೆಯುತ್ತಾರೆ. ಏಣಿ ಹತ್ತಲು, ಮೂಟೆ ಹೊರಲು, ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ. ವಯಸ್ಸು 40. ಅಲ್ಲಿ 11 ವರ್ಷ ದುಡಿದಿದ್ದಾರೆ. ಸಂಬಳ ತಿಂಗಳಿಗೆ ₹14,000 ಬರುತ್ತಿತ್ತು. ಜಿಲ್ಲಾಸ್ಪತ್ರೆಯಲ್ಲಿ ಕಾಲಿಗೆ ಶೇ. 45 ಅಂಗವೈಕಲ್ಯ ಎಂದು ಬರೆದುಕೊಟ್ಟಿದ್ದಾರೆ. ಎಸ್ಟೇಟಿನವರ ವಿಮಾ ಕಂಪನಿ ₹3 ಲಕ್ಷಕ್ಕೆ ರಾಜಿ ಮಾಡಿಕೊಳ್ಳೋಣ ಎನ್ನುತ್ತಿದೆ. ಅದರಲ್ಲಿ ಆಸ್ಪತ್ರೆಗೆ ಮಾಲೀಕರು ಕಟ್ಟಿದ ₹85,000, ನಾವು ಪಡೆದಿದ್ದ ಮುಂಗಡ ₹40,000 ಹಿಡಿದುಕೊಳ್ಳುತ್ತಾರಂತೆ. ಇನ್ನೂ ಜಾಸ್ತಿ ಕೇಳಿದರೆ ತೆರಿಗೆ ಕಟ್ಟಬೇಕಾಗುತ್ತದೆ, ಅಂಗವಿಕಲ ವೇತನ, ಬಿಪಿಎಲ್ ಕಾರ್ಡ್, ಗೃಹಲಕ್ಷ್ಮಿ ಎಲ್ಲ ಹೋಗುತ್ತದೆ, ಸುಮ್ನೆ ಸಹಿ ಹಾಕಿ ಅಂತ ಎಸ್ಟೇಟಿನ ರೈಟರು (ಕೆಲಸ, ಲೆಕ್ಕ ನೋಡಿಕೊಳ್ಳುವವರು) ಹೇಳುತ್ತಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಸಹಿ ಹಾಕಬೇಡಿ. ಮೊದಲು ಇದನ್ನು ಪೂರ್ತಿ ಓದಿ, ಯಜಮಾನರಿಗೂ ಓದಿ ಹೇಳಿ.

₹3 ಲಕ್ಷದಲ್ಲಿ ₹85,000 ಮತ್ತು ₹40,000 ಕಳೆದರೆ ನಿಮ್ಮ ಕೈಗೆ ಬರುವುದು ₹1,75,000. ನಲವತ್ತು ವರ್ಷದ ಮನುಷ್ಯ ಇನ್ನು ಮುಂದೆ ತೋಟದ ಕೆಲಸ ಮಾಡಲಾಗದು ಎಂಬುದಕ್ಕೆ ಇಷ್ಟು ಹಣ! ನಿಮಗೆ ತೆರಿಗೆಯ ಭಯ ಹುಟ್ಟಿಸಿದ್ದಾರೆ. ಆದರೆ ತೆರಿಗೆಯಿಂದ ನೀವು ಕಳೆದುಕೊಳ್ಳುವುದು ಹೆಚ್ಚುಕಡಿಮೆ ಏನೂ ಇಲ್ಲ. ನಷ್ಟ ಆಗುತ್ತಿರುವುದು ಬೇರೆ ಎರಡು ಕಡೆ: ಲೆಕ್ಕ ಹಾಕಿದ ರೀತಿಯಲ್ಲಿ, ಮತ್ತು ಹಿಡಿದುಕೊಳ್ಳುತ್ತೇವೆ ಎನ್ನುವ ಹಣದಲ್ಲಿ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಯಾವ ಕಾನೂನು ಅಂತ ಮೊದಲು ತಿಳಿಯಬೇಕು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ನಿಮ್ಮ ಯಜಮಾನರು ಬಿದ್ದದ್ದು ಅದಕ್ಕೂ ಮುಂಚೆ. ಅಪಘಾತ ಆದ ದಿನವೇ ಪರಿಹಾರದ ಹಕ್ಕು ಹುಟ್ಟುತ್ತದೆ, ಲೆಕ್ಕವೂ ಆ ದಿನದ ಕಾನೂನಿನಂತೆಯೇ. ಹಾಗಾಗಿ ನಿಮಗೆ ಅನ್ವಯಿಸುವುದು 1923ರ ನೌಕರರ ಪರಿಹಾರ ಕಾಯ್ದೆ.

ಈ ಕಾಯ್ದೆಯ ಲೆಕ್ಕ ಕಷ್ಟವೇನಲ್ಲ. ತಿಂಗಳ ಸಂಬಳದ ಶೇ. 60 ತೆಗೆದುಕೊಳ್ಳಬೇಕು. ಅದನ್ನು ವಯಸ್ಸಿಗೆ ತಕ್ಕಂತೆ ಕಾಯ್ದೆಯ ಪಟ್ಟಿಯಲ್ಲಿ ಕೊಟ್ಟಿರುವ ಅಂಕಿಯಿಂದ ಗುಣಿಸಬೇಕು. 40 ವರ್ಷಕ್ಕೆ ಆ ಅಂಕಿ 184.17. ₹14,000ದ ಶೇ. 60 ಎಂದರೆ ₹8,400. ಗುಣಿಸಿದರೆ ₹15,47,028. ಇದು ದುಡಿಯುವ ಶಕ್ತಿ ಪೂರ್ತಿ ಹೋದವರಿಗೆ ಸಿಗುವ ಮೊತ್ತ. ಸ್ವಲ್ಪ ಹೋದವರಿಗೆ, ಎಷ್ಟು ಹೋಗಿದೆಯೋ ಅಷ್ಟು ಪಾಲು.

ಈಗ ಆ ಪಾಲು ಎಷ್ಟು? ಜಗಳ ಇರುವುದೆಲ್ಲ ಇಲ್ಲೇ. ಬೆರಳು, ಕೈ, ಕಣ್ಣು ಹೋದರೆ ಇಷ್ಟಿಷ್ಟು ಎಂದು ಕಾಯ್ದೆಯ ಪಟ್ಟಿಯಲ್ಲೇ ಬರೆದಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಕೈ ಸಿಕ್ಕಿ ಒಂದೇ ಕೈಯ ಮೂರು ಬೆರಳು ಹೋದರೆ ಶೇ. 30, ಹೆಬ್ಬೆರಳು ಪೂರ್ತಿ ಹೋದರೂ ಶೇ. 30. ಆದರೆ ಮೂಳೆ ಮುರಿದು ಕೂಡಿಕೊಂಡ ಕಾಲು ಆ ಪಟ್ಟಿಯಲ್ಲಿಲ್ಲ. ಇಂಥ ಗಾಯಕ್ಕೆ ವೈದ್ಯರು ಅಳೆದು ಹೇಳಬೇಕು. ಅವರು ಅಳೆಯಬೇಕಾದ್ದು ಕಾಲು ಎಷ್ಟು ಮಡಚುತ್ತದೆ ಅಂತಲ್ಲ, ಗಳಿಸುವ ಶಕ್ತಿ ಎಷ್ಟು ಹೋಯಿತು ಅಂತ.

ಕಂಪನಿಯವರ ಲೆಕ್ಕದ ಕಾಗದ ನಾನು ನೋಡಿಲ್ಲ. ಆದರೆ ವಾಡಿಕೆ ಗೊತ್ತು. ಕಾಲಿಗೆ ಶೇ. 45 ಅಂದರೆ ಇಡೀ ದೇಹಕ್ಕೆ ಅದರ ಮೂರರಲ್ಲಿ ಒಂದು ಪಾಲು, ಶೇ. 15, ಎಂದು ಹಿಡಿಯುತ್ತಾರೆ. ಹಾಗೆ ಹಿಡಿದರೆ ₹2,32,054 ಬರುತ್ತದೆ. ಮೇಲೆ ಒಂದಿಷ್ಟು ಸೇರಿಸಿ ₹3 ಲಕ್ಷ ಮಾಡಿ, ಉದಾರವಾಗಿ ಕೊಡುತ್ತಿದ್ದೇವೆ ಎನ್ನುತ್ತಾರೆ. ಮೂರರಲ್ಲಿ ಒಂದು ಪಾಲಿನ ಈ ರೂಢಿ ರಸ್ತೆ ಅಪಘಾತದ ಕೇಸುಗಳಿಂದ ಬಂದದ್ದು. ನೌಕರರ ಪರಿಹಾರ ಕಾಯ್ದೆ ಕೇಳುವ ಪ್ರಶ್ನೆಯೇ ಬೇರೆ: ಈ ಮನುಷ್ಯ ಮೊದಲು ಮಾಡುತ್ತಿದ್ದ, ಮಾಡಬಲ್ಲವನಾಗಿದ್ದ ಕೆಲಸ ಮಾಡಿ ಇನ್ನೆಷ್ಟು ಗಳಿಸಬಲ್ಲ?

ಇದಕ್ಕೆ ಸುಪ್ರೀಂ ಕೋರ್ಟಿನ ಹಳೆಯ, ಗಟ್ಟಿ ತೀರ್ಪೊಂದಿದೆ. 1970ರ ದಶಕದ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ. ಮರಗೆಲಸ ಮಾಡುತ್ತಿದ್ದವರೊಬ್ಬರು ಕೆಲಸದ ಜಾಗದಲ್ಲಿ ಬಿದ್ದು ಎಡಗೈ ಕಳೆದುಕೊಂಡಿದ್ದರು. ಒಂದು ಕೈ ಉಳಿದಿದೆಯಲ್ಲ, ಇದು ಭಾಗಶಃ ನಷ್ಟ ಎಂದು ಮಾಲೀಕರು ವಾದಿಸಿದರು. ಒಂದೇ ಕೈಯಲ್ಲಿ ಮರಗೆಲಸ ಆಗುವುದಿಲ್ಲ, ಆದ್ದರಿಂದ ನಷ್ಟ ಪೂರ್ತಿ ಎಂದಿತು ಕೋರ್ಟು. ನಿಮ್ಮ ಯಜಮಾನರ ಕೆಲಸ ನೋಡಿ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಹತ್ತಬೇಕು. ಮೇಲೆ ನಿಂತು ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಲ್ಲಿ ಗೊಂಚಲು ಕೀಳಬೇಕು. ಸೊಂಟದ ಚೀಲ ತುಂಬಿದ ಮೇಲೆ ಅದೇ ಭಾರ ಹೊತ್ತು ಇಳಿಯಬೇಕು. ಮಳೆಗಾಲಕ್ಕೆ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಕಾಫಿ ಗಿಡಗಳ ಕಪಾತು (ರೆಂಬೆ ಸವರುವುದು), ಗೊಬ್ಬರದ ಮೂಟೆ, ಎಲ್ಲವೂ ಇಳಿಜಾರಿನಲ್ಲಿ. ಇದರಲ್ಲಿ ಯಾವುದನ್ನು ರಾಡ್ ಹಾಕಿದ ಕಾಲಿನಲ್ಲಿ ಮಾಡಲಾದೀತು?

ಅದಕ್ಕೇ ಆಪರೇಷನ್ ಮಾಡಿದ ಮೂಳೆ ವೈದ್ಯರ ಹತ್ತಿರ ಇನ್ನೊಮ್ಮೆ ಹೋಗಿ. ಬರೀ ಶೇಕಡಾವಾರು ಅಲ್ಲ, ಈ ಮಾತುಗಳನ್ನು ಬರೆಸಿಕೊಳ್ಳಿ: ಏಣಿ ಹತ್ತಲಾರರು, ಭಾರ ಹೊರಲಾರರು, ಇಳಿಜಾರಿನಲ್ಲಿ ಬಹಳ ಹೊತ್ತು ನಿಲ್ಲಲಾರರು, ತೋಟದ ಕೂಲಿ ಕೆಲಸಕ್ಕೆ ಸಂಬಂಧಿಸಿದಂತೆ ಗಳಿಕೆಯ ಶಕ್ತಿ ಇಷ್ಟು ನಷ್ಟವಾಗಿದೆ. ಶೇ. 45 ಎಂದೇ ಒಪ್ಪಿದರೂ ಪರಿಹಾರ ₹6,96,163 ಆಗುತ್ತದೆ. ಶೇ. 70 ಎಂದಾದರೆ ₹10,82,920. ಕೊನೆಗೆ ಎಷ್ಟು ಒಪ್ಪುತ್ತಾರೆ ಎಂಬುದು ಸಾಕ್ಷ್ಯದ ಮೇಲೆ ನಿಂತಿದೆ, ನಾನು ಇಲ್ಲಿ ಕೂತು ಮಾತು ಕೊಡಲಾರೆ. ಆದರೆ ₹3 ಲಕ್ಷ ಅದರ ಹತ್ತಿರಕ್ಕೂ ಬರುವುದಿಲ್ಲ.

ಸಂಬಳದ ವಿಷಯದಲ್ಲೂ ಒಂದು ಮಾತಿದೆ. ಕಾಯ್ದೆಯ ಪ್ರಕಾರ ಸಂಬಳ ಅಂದರೆ ಕೈಗೆ ಬರುವ ನಗದು ಮಾತ್ರ ಅಲ್ಲ. ಬೆಲೆ ಕಟ್ಟಬಹುದಾದ ಸೌಲಭ್ಯವೂ ಸೇರುತ್ತದೆ. ಬಾಡಿಗೆ ಇಲ್ಲದ ಲೈನ್ ಮನೆ, ಎಸ್ಟೇಟಿನವರು ಕೊಡುವ ಸೌದೆ, ಕರೆಂಟು ಇವನ್ನೆಲ್ಲ ಲೆಕ್ಕಕ್ಕೆ ತರಬಹುದು. 2020ರ ಜನವರಿಯಿಂದ ಈ ಲೆಕ್ಕಕ್ಕೆ ಹಿಡಿಯುವ ಸಂಬಳದ ಗರಿಷ್ಠ ಮಿತಿ ₹15,000. ನಿಮ್ಮದು ₹14,000 ಇದ್ದದ್ದು ₹15,000 ಆದರೆ, ಶೇ. 45ರ ಲೆಕ್ಕದಲ್ಲೇ ₹49,726 ಜಾಸ್ತಿ ಆಗುತ್ತದೆ. ಚೆಕ್‌ರೋಲಿನ (ಹಾಜರಿ, ಕೂಲಿ ಬರೆಯುವ ಪುಸ್ತಕದ) ನಕಲು, ಪಿಎಫ್ ಪಾಸ್‌ಬುಕ್ ಇಟ್ಟುಕೊಳ್ಳಿ.

ಇನ್ನು ಹಿಡಿದುಕೊಳ್ಳುವ ಹಣ. ಇದು ನನಗೆ ನಿಜಕ್ಕೂ ಸಂಕಟ ತಂದ ಭಾಗ.

ಆಸ್ಪತ್ರೆಯ ₹85,000: ಹಿಡಿಯುವಂತಿಲ್ಲ. ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನು ಮಾಲೀಕರೇ ಭರಿಸಬೇಕು ಎಂದು 2009ರ ತಿದ್ದುಪಡಿ ಹೇಳುತ್ತದೆ. ಚಿಕಿತ್ಸೆಗೆ ಕೊಟ್ಟ ಹಣವನ್ನು ಪರಿಹಾರ ಎಂದು ಎಣಿಸುವಂತಿಲ್ಲ ಅಂತಲೂ ಕಾಯ್ದೆಯಲ್ಲಿದೆ. ನಿಮ್ಮ ಕೈಯಿಂದ ಔಷಧಿಗೆ, ಎಕ್ಸ್‌ರೇಗೆ ಖರ್ಚಾಗಿದ್ದರೆ ಅದನ್ನೂ ಕೇಳಬಹುದು. ಬಿಲ್ಲುಗಳನ್ನು ಎಸೆಯಬೇಡಿ.

ಮುಂಗಡದ ₹40,000: ಅದನ್ನೂ ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ. ಪರಿಹಾರದ ಹಣವನ್ನು ಜಪ್ತಿ ಮಾಡುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ, ಯಾವ ಬಾಕಿಗೂ ವಜಾ ಹಾಕಿಕೊಳ್ಳುವಂತಿಲ್ಲ ಎಂದು 9ನೇ ಕಲಂ ನೇರವಾಗಿ ಹೇಳುತ್ತದೆ. ನೀವು ಮುಂಗಡ ತೆಗೆದುಕೊಂಡಿದ್ದು ನಿಜವಾದರೆ ಆ ಸಾಲ ಬೇರೆ ಲೆಕ್ಕ. ಅದನ್ನು ಬೇರೆ ದಾರಿಯಲ್ಲಿ ಕೇಳಲಿ. ಮಲೆನಾಡಿನ ತೋಟಗಳಲ್ಲಿ ಮುಂಗಡದ ಹೆಸರಲ್ಲಿ ಆಳುಗಳ ಹಕ್ಕು ಕರಗಿಹೋಗುವುದನ್ನು ತುಂಬ ನೋಡಿದ್ದೇನೆ. ಕಾನೂನು ಇಷ್ಟು ಸ್ಪಷ್ಟವಾಗಿದ್ದೂ ಹೀಗೆ ಆಗುತ್ತದೆ, ಯಾಕೆಂದರೆ ಯಾರೂ ಅದನ್ನು ಓದಿ ಹೇಳುವುದಿಲ್ಲ.

ಒಂದನ್ನು ಮಾತ್ರ ಕಳೆಯಬಹುದು. ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಮಾಲೀಕರು ಪರಿಹಾರ ಎಂದೇ ಹಣ ಕೊಟ್ಟಿದ್ದರೆ ಅದು ವಜಾ ಆಗುತ್ತದೆ. ಹಾಗೆಯೇ ಆ ದಿನಗಳಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ. 25, ಅಂದರೆ ನಿಮ್ಮ ಲೆಕ್ಕದಲ್ಲಿ ₹3,500, ಕೊಡಬೇಕಿತ್ತು. ಕೊಟ್ಟಿದ್ದಾರಾ ಕೇಳಿ.

ತಡ ಮಾಡಿದ್ದಕ್ಕೆ ಬಡ್ಡಿಯೂ ಇದೆ. ಪರಿಹಾರ ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಸರಳ ಬಡ್ಡಿ. ₹6,96,163ಕ್ಕೆ ಒಂದು ವರ್ಷದ ಬಡ್ಡಿಯೇ ₹83,540. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಪರಿಹಾರದ ಶೇ. 50ರವರೆಗೆ ದಂಡವನ್ನೂ ಹಾಕಬಹುದು. ದಂಡ ಸಾಮಾನ್ಯವಾಗಿ ವಿಮಾ ಕಂಪನಿಯ ಮೇಲಲ್ಲ, ಮಾಲೀಕರ ಮೇಲೆಯೇ ಬೀಳುತ್ತದೆ.

ಈಗ ತೆರಿಗೆಗೆ ಬರೋಣ.

ಮೈಗೆ ಆದ ಗಾಯಕ್ಕೆ, ಕಳೆದುಹೋದ ದುಡಿಯುವ ಶಕ್ತಿಗೆ ಕೊಡುವ ಪರಿಹಾರ ಆದಾಯವೇ ಅಲ್ಲ. ತೆರಿಗೆ ಭಾಷೆಯಲ್ಲಿ ಅದು ಬಂಡವಾಳ ರೂಪದ ಜಮೆ. ₹3 ಲಕ್ಷ ಬಂದರೂ ಅಷ್ಟೇ, ₹10 ಲಕ್ಷ ಬಂದರೂ ಅಷ್ಟೇ, ಆ ಮೊತ್ತಕ್ಕೆ ಆದಾಯ ತೆರಿಗೆ ಇಲ್ಲ. ಚಿಕಿತ್ಸೆಯ ಖರ್ಚು ವಾಪಸ್ ಬಂದರೆ ಅದಕ್ಕೂ ಇಲ್ಲ.

ಬಡ್ಡಿಯ ವಿಷಯ ಸ್ವಲ್ಪ ಬೇರೆ. ಪರಿಹಾರದ ಮೇಲಿನ ಬಡ್ಡಿಯನ್ನು ಅದು ಕೈಗೆ ಬಂದ ವರ್ಷದ ಆದಾಯ ಎಂದು ಇಲಾಖೆ ನೋಡುತ್ತದೆ, ಅದರಲ್ಲಿ ಅರ್ಧವನ್ನು ಬಿಟ್ಟು ಉಳಿದರ್ಧಕ್ಕೆ ಲೆಕ್ಕ ಹಾಕುತ್ತದೆ. ಅಪಘಾತದ ಪರಿಹಾರದ ಬಡ್ಡಿಗೆ ಇದು ಸಲ್ಲದು ಎಂದು ಹೈಕೋರ್ಟ್ ಮಟ್ಟದಲ್ಲಿ ತೀರ್ಪು ಬಂದದ್ದೂ ಇದೆ. ಆ ವಾದ ದೊಡ್ಡ ಮೊತ್ತದವರಿಗೆ ಇರಲಿ. ನಿಮಗೆ ಬಡ್ಡಿಯೇ ₹1.25 ಲಕ್ಷ ಬಂತು ಅಂದುಕೊಳ್ಳಿ. ಅರ್ಧ ₹62,500. ಹೊಸ ತೆರಿಗೆ ಪದ್ಧತಿಯಲ್ಲಿ ₹4 ಲಕ್ಷದವರೆಗೆ ತೆರಿಗೆಯೇ ಇಲ್ಲ. ರಿಯಾಯಿತಿ ಸೇರಿಸಿದರೆ ₹12 ಲಕ್ಷ ವರಮಾನದವರೆಗೂ ಕಟ್ಟಬೇಕಾಗಿಲ್ಲ. ಹಾಗಾದರೆ ನಿಮ್ಮ ತೆರಿಗೆ ಸೊನ್ನೆ.

ಸೊನ್ನೆಯಾದರೂ ಕಂಪನಿ ಬಡ್ಡಿಯ ಮೇಲೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯಬಹುದು. ಪ್ಯಾನ್ ಕೊಟ್ಟಿದ್ದರೆ ಶೇ. 10, ಕೊಡದಿದ್ದರೆ ಶೇ. 20. ಅದಕ್ಕೇ ಹಣ ಬರುವ ಮುಂಚೆ ಯಜಮಾನರ ಹೆಸರಲ್ಲಿ ಪ್ಯಾನ್ ಮಾಡಿಸಿಡಿ. ತೆರಿಗೆ ಬಾರದವರು ಕೊಡುವ ಸ್ವಯಂಘೋಷಣೆಯನ್ನೂ ಕೊಡಿ, ಇಷ್ಟು ವರ್ಷ 15ಜಿ ಫಾರಂ ಎನ್ನುತ್ತಿದ್ದುದು ಅದನ್ನೇ. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಾಗಲೂ ಇದೇ ಮಾತು. ₹6 ಲಕ್ಷಕ್ಕೆ ಶೇ. 7ರಂತೆ ವರ್ಷಕ್ಕೆ ₹42,000 ಬಡ್ಡಿ ಬರುತ್ತದೆ. ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ ₹50,000 ದಾಟುವವರೆಗೆ ಬ್ಯಾಂಕು ಟಿಡಿಎಸ್ ಹಿಡಿಯುವುದಿಲ್ಲ.

ತೆರಿಗೆ ನಿಜವಾಗಿ ಅಂಟಿಕೊಳ್ಳಬಹುದಾದ ಒಂದು ಜಾಗ ಇದೆ, ಅದು ರಾಜಿ ಪತ್ರದ ಒಕ್ಕಣೆ. ನಿಮಗೆ ಕೊಟ್ಟಿರುವ ಕರಡಿನಲ್ಲಿ 'ಎಲ್ಲ ಬಾಬ್ತು ಸೇರಿ ಪೂರ್ಣ ಮತ್ತು ಅಂತಿಮವಾಗಿ ₹3,00,000' ಎಂಬಂತೆ ಒಂದೇ ಸಾಲು ಇದ್ದರೆ ಒಪ್ಪಬೇಡಿ. ಕೆಲಸ ಬಿಡಿಸಿದ್ದಕ್ಕೆ ಕೊಡುವ ಹಣವನ್ನು ತೆರಿಗೆ ಕಾನೂನು ಸಂಬಳದ ಸಾಲಿಗೆ ಸೇರಿಸುತ್ತದೆ. ಗಾಯದ ಪರಿಹಾರವನ್ನು ಹಾಗೆ ಸೇರಿಸುವುದಿಲ್ಲ. ಎರಡನ್ನೂ ಒಂದೇ ಮೊತ್ತದಲ್ಲಿ ಕಲಸಿದರೆ ನಾಳೆ ಯಾವುದು ಯಾವುದು ಅಂತ ತೋರಿಸುವುದು ನಿಮ್ಮ ಪಾಲಿಗೆ ಬೀಳುತ್ತದೆ. ಗಾಯದ ಪರಿಹಾರ ಇಷ್ಟು, ಬಡ್ಡಿ ಇಷ್ಟು, ಚಿಕಿತ್ಸೆಯ ಖರ್ಚು ಇಷ್ಟು, ಬಾಕಿ ಸಂಬಳ ಇಷ್ಟು ಎಂದು ಬೇರೆ ಬೇರೆ ಸಾಲಿನಲ್ಲಿ ಬರೆಸಿ.

ಗ್ರಾಚ್ಯುಟಿಯನ್ನು ಈ ಪತ್ರದೊಳಗೆ ಬರಲೇ ಬಿಡಬೇಡಿ. 11 ವರ್ಷದ ದುಡಿಮೆಗೆ ₹14,000 ಸಂಬಳದ ಮೇಲೆ ಅದು ಸುಮಾರು ₹88,846 ಆಗುತ್ತದೆ. ಕೆಲಸ ಬಿಟ್ಟಾಗ ಪ್ರತ್ಯೇಕವಾಗಿ ಸಿಗಬೇಕಾದ ಹಕ್ಕು ಅದು, ತೆರಿಗೆಯೂ ಇಲ್ಲ. 'ಎಲ್ಲ ಬಾಬ್ತು' ಎಂಬ ಎರಡು ಪದದಲ್ಲಿ ಅದನ್ನೂ ನುಂಗಿಬಿಡುತ್ತಾರೆ. ಲೈನ್ ಮನೆ ಖಾಲಿ ಮಾಡುವ ಷರತ್ತನ್ನೂ ಇದರಲ್ಲಿ ತುರುಕಲು ನೋಡುತ್ತಾರೆ. ಆ ಸಾಲನ್ನು ಹೊಡೆದುಹಾಕಿಸಿ.

ಅಂಗವಿಕಲ ವೇತನದ ಭಯಕ್ಕೆ ಬರುತ್ತೇನೆ. ಸರ್ಕಾರ ಕೊಡುವ ವೇತನವನ್ನು ತೋರಿಸಿ ಮಾಲೀಕರಾಗಲಿ ಕಂಪನಿಯಾಗಲಿ ಪರಿಹಾರ ಕಡಿಮೆ ಮಾಡುವಂತಿಲ್ಲ. ಪರಿಹಾರ ಪಡೆದವರಿಗೆ ಅಂಗವಿಕಲ ವೇತನ ಇಲ್ಲ ಎಂಬ ನಿಯಮವೂ ಇಲ್ಲ. ನಿಯಮ ಇರುವುದು ಎರಡು ವಿಷಯಕ್ಕೆ: ಅಂಗವೈಕಲ್ಯ ಶೇ. 40 ಆದರೂ ಇರಬೇಕು, ಕುಟುಂಬದ ವರ್ಷದ ಆದಾಯ ಮಿತಿಯೊಳಗಿರಬೇಕು. ಒಮ್ಮೆ ಬರುವ ಪರಿಹಾರ ವರ್ಷದ ಆದಾಯ ಅಲ್ಲ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ಪರಿಹಾರದ ಆದೇಶದ ನಕಲು ಜೊತೆಗಿಟ್ಟು, ಇದು ಗಾಯಕ್ಕೆ ಬಂದ ಹಣ ಎಂದು ಗ್ರಾಮ ಆಡಳಿತಾಧಿಕಾರಿಗೆ ಬಾಯಿಬಿಟ್ಟು ಹೇಳಿ. ಮುಚ್ಚಿಡುವ ಅಗತ್ಯವೇ ಇಲ್ಲ.

ಆದರೆ ಆ ಹಣವನ್ನು ಎಫ್‌ಡಿ ಇಟ್ಟರೆ ಬರುವ ಬಡ್ಡಿ ಆದಾಯವೇ. ಅದರಿಂದ ಮಿತಿ ದಾಟಿ ವೇತನ ನಿಲ್ಲುವ ಸಾಧ್ಯತೆ ಇದೆ, ಇಲ್ಲ ಎನ್ನಲಾರೆ. ಹಾಗೆ ಆದರೂ ನಷ್ಟ ಎಷ್ಟು ನೋಡಿ. ನಮ್ಮ ರಾಜ್ಯದಲ್ಲಿ ಶೇ. 40ರಿಂದ 75ರ ನಡುವೆ ಇರುವವರಿಗೆ ತಿಂಗಳಿಗೆ ₹800, ಅದಕ್ಕೂ ಜಾಸ್ತಿ ಇರುವವರಿಗೆ ₹1,400. ನಿಮಗೆ ಬರುವುದು ವರ್ಷಕ್ಕೆ ₹9,600. ₹9,600 ಉಳಿಸಿಕೊಳ್ಳಲು ನಾಲ್ಕು ಲಕ್ಷ ಬಿಟ್ಟುಕೊಡಿ ಎನ್ನುತ್ತಿದ್ದಾರೆ ಅಲ್ವಾ?

ಬಿಪಿಎಲ್ ಕಾರ್ಡೂ ಹೀಗೆಯೇ. ನೋಡುವುದು ವರ್ಷದ ಆದಾಯ, ಜಮೀನು, ಕಾರು, ತೆರಿಗೆ ಕಟ್ಟುತ್ತಾರಾ ಅಂತ. ಗೃಹಲಕ್ಷ್ಮಿಯ ₹2,000 ನಿಮಗಾಗಲಿ ನಿಮ್ಮ ಯಜಮಾನರಿಗಾಗಲಿ ಆದಾಯ ತೆರಿಗೆ ಬರುವುದಿದ್ದರೆ ನಿಲ್ಲುತ್ತದೆ. ನಿಮಗೆ ತೆರಿಗೆಯೇ ಬರುವುದಿಲ್ಲ. ಟಿಡಿಎಸ್ ಹಿಡಿಸಿಕೊಂಡು, ವಾಪಸ್ ಪಡೆಯಲು ರಿಟರ್ನ್ ಹಾಕಿ, ಆಮೇಲೆ ಪಡಿತರ ಕಚೇರಿಯಲ್ಲಿ ಸಮಜಾಯಿಷಿ ಕೊಡುತ್ತ ಅಲೆಯುವುದು ಬೇಡ ಅಂತಲೇ ಪ್ಯಾನ್, ಸ್ವಯಂಘೋಷಣೆ ಮೊದಲೇ ಕೊಡಿ ಎಂದದ್ದು.

ಇದರ ಜೊತೆ ಪಿಎಫ್ ಪಿಂಚಣಿಯನ್ನೂ ವಿಚಾರಿಸಿ. ಅಂಗವೈಕಲ್ಯದಿಂದ ಮಾಡುತ್ತಿದ್ದ ಕೆಲಸಕ್ಕೇ ಶಾಶ್ವತವಾಗಿ ಅನರ್ಹರಾದರು ಎಂದು ವೈದ್ಯಕೀಯ ಮಂಡಳಿ ಹೇಳಿದರೆ, 1995ರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿ ಸಿಗುತ್ತದೆ, ಹತ್ತು ವರ್ಷ ತುಂಬಿರಬೇಕೆಂದೇನಿಲ್ಲ. ಪರಿಹಾರ ಬಂದಿದೆ ಎಂದು ಅದನ್ನು ತಡೆಯುವಂತಿಲ್ಲ. ಹಾಸನದ ಗಾರ್ಮೆಂಟ್ಸಿನಲ್ಲೋ ಬೇರೆ ಕಾರ್ಖಾನೆಯಲ್ಲೋ ಇರುವ ಓದುಗರಿಗೆ ಒಂದು ಮಾತು: ನಿಮಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಈ ಒಟ್ಟು ಮೊತ್ತದ ಲೆಕ್ಕ ನಿಮ್ಮದಲ್ಲ. ಇಎಸ್‌ಐನಿಂದ ಕಂತಿನ ರೂಪದಲ್ಲಿ ಅಂಗವೈಕಲ್ಯ ಭತ್ಯೆ ಬರುತ್ತದೆ, ನೌಕರರ ಪರಿಹಾರ ಕಾಯ್ದೆಯಲ್ಲಿ ಇನ್ನೊಮ್ಮೆ ಕೇಳುವಂತಿಲ್ಲ.

ರಾಜಿಯೇ ಬೇಡ ಎನ್ನುತ್ತಿಲ್ಲ ನಾನು. ಕೇಸು ಎಳೆಯುತ್ತದೆ, ಮಕ್ಕಳ ಓದು, ಮನೆ ಖರ್ಚು ಕಾಯುವುದಿಲ್ಲ. ಒಳ್ಳೆಯ ಮೊತ್ತಕ್ಕೆ ಒಪ್ಪುವುದು ಜಾಣತನವೇ. ಆದರೆ ಒಪ್ಪಂದವನ್ನು ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಬೇಕು. ನಮ್ಮ ರಾಜ್ಯದಲ್ಲಿ ಈ ಕೆಲಸ ಹಿರಿಯ ಸಿವಿಲ್ ನ್ಯಾಯಾಧೀಶರು ಮಾಡುತ್ತಾರೆ. ಮೊತ್ತ ತೀರ ಕಡಿಮೆ ಅನ್ನಿಸಿದರೆ, ಮೋಸದಿಂದಲೋ ಒತ್ತಡದಿಂದಲೋ ಸಹಿ ಹಾಕಿಸಿದ್ದಾರೆ ಅನ್ನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. ನೋಂದಣಿ ಮಾಡಿಸದೆ ಎಸ್ಟೇಟ್ ಆಫೀಸಿನಲ್ಲಿ ಕೊಟ್ಟು ಮುಗಿಸಿದರೆ ಮಾಲೀಕರ ಹೊಣೆ ತೀರುವುದಿಲ್ಲ. ಆಗ ಪೂರ್ತಿ ಪರಿಹಾರ ಕೊಡಬೇಕು, ಮೊದಲು ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಕಳೆದುಕೊಳ್ಳುವಂತಿಲ್ಲ. 'ಇನ್ನು ಮುಂದೆ ಏನೂ ಕೇಳುವುದಿಲ್ಲ' ಎಂದು ಬರೆಸಿಕೊಂಡು ಕಾಯ್ದೆಯ ಹಕ್ಕನ್ನೇ ಬಿಡಿಸಿದ್ದರೆ ಆ ಬರಹಕ್ಕೆ ಬೆಲೆ ಇಲ್ಲ. ಲೋಕ ಅದಾಲತ್‌ನಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಒಪ್ಪಿಕೊಂಡರೆ ಅದು ಕೋರ್ಟಿನ ಡಿಕ್ರಿಗೆ (ಅಂತಿಮ ಆದೇಶಕ್ಕೆ) ಸಮ, ಮೇಲ್ಮನವಿ ಇಲ್ಲ. ಲೆಕ್ಕ ಮುಗಿಸಿಕೊಂಡೇ ಅಲ್ಲಿ ಕೂರಬೇಕು.

ವಕೀಲರ ಫೀಸಿಗೆ ಹೆದರಬೇಡಿ. ಮಹಿಳೆಯರಿಗೆ, ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಆದಾಯ ಎಷ್ಟೇ ಇರಲಿ. ಚಿಕ್ಕಮಗಳೂರಿನ ನ್ಯಾಯಾಲಯದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅರ್ಜಿ ಹಾಕಲು ಅಪಘಾತದ ದಿನದಿಂದ ಎರಡು ವರ್ಷ ಅವಕಾಶ, ಅಂದರೆ ನಿಮಗೆ 2027ರ ಫೆಬ್ರುವರಿಯವರೆಗೆ. ರಾಜಿ ಮಾತು ನಡೆಯುತ್ತಿದೆ ಎಂದು ಆ ಗಡುವು ನಿಲ್ಲುವುದಿಲ್ಲ. ಆದ್ದರಿಂದ ಈ ವಾರವೇ ಹೋಗಿ ಅರ್ಜಿ ಹಾಕಿಸಿ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಅಂಗವೈಕಲ್ಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಪಿಎಫ್ ಪಾಸ್‌ಬುಕ್, ಕಂಪನಿ ಕೊಟ್ಟ ಕರಡು ಪತ್ರ ಎಲ್ಲ ಜೊತೆಗೆ ಒಯ್ಯಿರಿ. ರಾಜಿ ಮಾತು ಬೇಕಾದರೆ ಅರ್ಜಿ ಹಾಕಿದ ಮೇಲೂ ಮುಂದುವರಿಯಲಿ.